ಕಂದೀಲ ಹುಸೇನಪ್ಪನ ಎರಡು ಪುಟ

ಎರಡು ಪುಟ ಸಾಕು ಅಂದರು ಸ್ಮರಣ ಸಂಚಿಕೆಯವರು,
ಹುಟ್ಟು, ಸಾವು, ಸಿಕ್ಕರೊಂದು ಫೋಟೊ.
ಫೋಟೊ ಇಲ್ಲ. ಹುಟ್ಟಿದ್ದನ್ನು ಕಂಡವರಿಲ್ಲ.
ಸಾವು ಮಾತ್ರ ಹಟ್ಟಿಯ ತುಂಬ
ಕೇಳಿದಲ್ಲಿ ಒಂದೊಂದು ಸಿಕ್ಕಿತು.

ಗಣಿಯ ಗೇಟಿನೆದುರು ಚಹಾ ಸೋಸುತ್ತ ಮೌಲಾಲಿ:
‘ಎರಡು ಸಾವಿರ ಅಡಿ ಕೆಳಗ, ಕಲ್ಲು ಕುಸಿದು ಸತ್ತಾನ್ರಿ.
ಹೆಣ ತಗಿಯೂತನಾ ಮೂರು ದಿನ
ಕೈಯಾಗಿನ ದೀಪ ಆರಿದ್ದಿಲ್ಲಂತ.
ಪದದಾಗ ಐತಲ್ಲ:
ಪಾತಾಳಕಿಳಿದೇನೊ, ದೀಪವೊಂದೇ ಜೋಡು,
ಗಾಜಿನ ಗೂಡಿನ ಗುರುವೆ.’

ಕಂಪನಿಯ ಹಳೆಯ ಹಾಜರಿ ಪುಸ್ತಕದಲ್ಲಿ
ಹುಸೇನಪ್ಪಂದಿರು ಇಬ್ಬರು.
ಒಬ್ಬ ಕೋಠಾದವ, ನೀರೆತ್ತುವ ಪಂಪಿನವ.
ಇನ್ನೊಬ್ಬ ಮೂಗ.

ಆನ್ವರಿಯಲ್ಲಿ ಹಾವು ಕಚ್ಚಿ ಸತ್ತ,
ಪದದಲ್ಲಿ ಆಸೆಗೆ ಹೆಡೆ ಇತ್ತು.
ಗೌಡೂರಿನಲ್ಲಿ ಅವನಿಗೆ ಇಬ್ಬರು ಹೆಂಡಿರು;
ಅರಿವು ಮರೆವು ಎಂಬ ಸವತಿಯರ ಪದ ಕೇಳಿದವರು
ಒಬ್ಬಾಕೆಯ ತವರಿನ ಓಣಿಯನ್ನೂ ತೋರಿಸಿದರು.
ಕಣ್ಣಿದ್ದು ಕಾಣೆ ಎಂದದ್ದಕ್ಕೆ ಒಂದು ಕಣ್ಣು ಹೋಯಿತು.
ಎಡಗಣ್ಣೊ ಬಲಗಣ್ಣೊ ಎಂದು
ಕಟ್ಟೆಯ ಮೇಲೆ ಜಗಳ ಹತ್ತಿ
ನನಗೆ ಬಸ್ಸು ತಪ್ಪಿತು.

ನಿವೃತ್ತ ಮೇಷ್ಟ್ರು ಶರಭಯ್ಯ ನಕ್ಕರು:
‘ಇದು ನಮ್ಮೂರಿನ ರೋಗ ಅಲ್ಲ ಬಿಡ್ರಿ.
ಗ್ರೀಕರ ನಾಡಿನಾಗ ಹಿಂದಕ ಒಬ್ಬ ನಾಟಕದ ಕವಿ,
ಅವನ ಬೋಳುತಲಿ ಬಂಡಿಗಲ್ಲು ಅಂತ ತಿಳಿದು
ಹದ್ದು ಮ್ಯಾಲಿಂದ ಆಮಿ ಒಗೀತಂತ.
ಹೆಣ್ಣಿನ ಸಿಟ್ಟು ಬರೆದ ಇನ್ನೊಬ್ಬನ ಮ್ಯಾಲೆ
ನಾಯಿ ಬಿಟ್ಟರು.
ಯಾರು ಬಿಟ್ಟರು? ಚರಿತ್ರಿ ಬರೆದವರು.
ನೀವು ಏನು ಬಿಡ್ತೀರಿ?’

ಗುರುಗುಂಟಾದಲ್ಲಿ ಮೊಮ್ಮಗಳು ಖಾಜಮ್ಮ
ಅಂಗನವಾಡಿಯ ಬೇಳೆ ಆರಿಸುತ್ತ ಕೂತಿದ್ದಳು.
‘ಗಣಿ? ಲಿಫ್ಟಿನ ಗಂಟಿ ಕೇಳಿದರ ಬೆವರ್ತಿದ್ದ ನಮ್ಮಜ್ಜ.
ಸಂತಿಯಾಗ ಕಂದೀಲು ರಿಪೇರಿ ಅವಂದು,
ಒಡೆದ ಗಾಜು, ತೂತು ಬಿದ್ದ ತಗಡು.
ಪಾಳಿ ಮುಗಿಸಿದವರು ದೀಪ ತಂದು ಕೊಡ್ತಿದ್ದರು.
ಇಂವ ಕಿವಿಗಿ ಹಿಡಿದು ಅಲ್ಲಾಡಿಸಿ
ಕೆಳಗಿನ ಸುದ್ದಿ ಏನೋ ಅಂತ ದೀಪಾನ್ನ ಕೇಳ್ತಿದ್ದ.’

ಲಿಂಗಸುಗೂರಿನ ಸರಕಾರಿ ದವಾಖಾನೆ, ಕಾಮಣಿ, ಮಂಗಳವಾರ.
ಯಾವ ಪದದಲ್ಲೂ ಇಲ್ಲದ ಸಾವು.
ಆಮೇಲೆ, ಮೊರದಿಂದ ಕಣ್ಣೆತ್ತದೆ:
‘ಕಡೀಕ ಒಂದು ಬೀಡಿ ಕೇಳಿದ.
ಕಡ್ಡಿಪೆಟಗಿ ಇಲ್ಲ ಅಂತ ಸುಳ್ಳು ಹೇಳಿದೆ.
ಅದೊಂದು ಬರೀಬ್ಯಾಡ್ರಿ.’

ಬರೆಯಲಿಲ್ಲ.
ಎರಡು ಪುಟ ಮುಗಿಯಿತು, ಎಲ್ಲ ನಿಜ,
ಪಂಚನಾಮೆಯ ಹಾಗೆ.

ಊರಿಗೆ ಹೊರಡುವ ಮುಂಚೆ ಮೌಲಾಲಿಗೆ ಓದಿ ಹೇಳಿದೆ.
ಪೂರ್ತಿ ಕೇಳಿ ಅಂದ: ‘ಬೀಡಿ ಎಲ್ಲಿ ಹೋತ್ರಿ?’
ನಾನು ಯಾರಿಗೂ ಹೇಳಿರಲಿಲ್ಲ.
‘ಕಲ್ಲು ಬೀಳೂ ಮುಂದ ಕೇಳಿದನಲ್ಲ, ಯಾರೂ ಕೊಡಲಿಲ್ಲ’
ಎಂದು, ಸೋಸುವುದು ನಿಲ್ಲಿಸದೆ, ಎತ್ತಿಕೊಂಡ:
ಕಡೆಗಾಲಕೊಂದು ಕಿಡಿಯ ಬೇಡಿದರೆ
ಮನೆಮಂದಿ ಇಲ್ಲೆಂದರೊ,
ಗಾಜಿನ ಗೂಡಿನ ಗುರುವೆ.

‘ಭಾಳ ಹಳೇ ಪದ.
ಖಾಜಮ್ಮ ಹುಟ್ಟೂಕಿಂತ ಮೊದಲಿಂದು.’

ಪಾಳಿ ಬದಲಾಯಿತು.
ಹಣೆಗೆ ದೀಪ ಕಟ್ಟಿಕೊಂಡವರು
ಹಗಲಿನಲ್ಲಿ ಆರಿಸುವುದನ್ನು ಮರೆತು
ಚಹಾಕ್ಕೆ ಬಂದು ನಿಂತರು.
ಎರಡನೇ ಪುಟದ ಕೆಳಗೆ
ನಾಲ್ಕು ಬೆರಳು ಜಾಗ ಉಳಿದಿತ್ತು.