ಚಿತ್ತು ಕಾಟು

ಮಂಡ್ಯ ಟೌನು, ಕಲ್ಲಹಳ್ಳಿ ವಾಸಿ
ದೇವೀರಮ್ಮ ಕೋಂ ಬೋರಲಿಂಗಯ್ಯ,
ಐಟಿಐ ಫಿಟ್ಟರ್ ಮೇಡಂ, ನಿವೃತ್ತಿಯಾಗಿ ಒಂಬತ್ತು ತಿಂಗಳು,
ಗುತ್ತಲು ರಸ್ತೆಯ ಗುಜರಿ ಇನಾಯತ್ ಸಾಬರಿಂದ
ತೂಕದ ಲೆಕ್ಕದಲ್ಲಿ ಶುದ್ಧ ಕ್ರಯಕ್ಕೆ ಪಡೆದ
ಫಾರ್ಗೋ ಪಿಕಪ್ ಒಂದು.
ಸದರಿ ಸ್ವತ್ತಿಗೆ ಚೆಕ್ಕುಬಂದಿ:
ಪೂರ್ವಕ್ಕೆ ನುಗ್ಗೆಮರ,
ಪಶ್ಚಿಮಕ್ಕೆ ಬಚ್ಚಲ ಒಲೆ,
ಉತ್ತರಕ್ಕೆ ಸಂಪು,
ದಕ್ಷಿಣಕ್ಕೆ ಬೋರಲಿಂಗಯ್ಯ, ಅಂದರೆ ನಾನು,
ಬ್ಯಾಟ್ರಿ ಹಿಡಿದು ನಿಂತವನು.

ಮೂವತ್ತೆರಡು ವರ್ಷ ಪತ್ರ ಬರೆದು ಬದುಕಿದ ಕೈ.
ಬಾಯಿ ತೆರೆದರೂ ಹೀಗೇ ಬರುತ್ತದೆ, ಮನ್ನಿಸಿ.

ಬಂದ ದಿನ ಅದಕ್ಕೆ ತಳವಿರಲಿಲ್ಲ.
ಕಾಲಿಡುವ ಜಾಗದಲ್ಲಿ ನಮ್ಮಂಗಳದ ಗರಿಕೆ ಕಾಣುತ್ತಿತ್ತು.
ಸೀಟಿನ ನಾರಿನಲ್ಲಿ ಇಲಿಮರಿ,
ಡ್ಯಾಶಿನ ಗೂಡಲ್ಲಿ ಅರ್ಧ ಹಲ್ಲಿನ ಬಾಚಣಿಗೆ.
ಒರಗಿ ನಿಂತವರ ಬಿಳಿ ಪಂಚೆಗೆಲ್ಲ
ಇಟ್ಟಿಗೆ ಬಣ್ಣದ ರುಜು.

ಅವಳು ಸುತ್ತಿಗೆಯ ಹಿಂಬದಿಯಿಂದ ತಟ್ಟುತ್ತಾ
ಒಂದು ಸುತ್ತು ಬಂದಳು,
ಸಂತೆಯಲ್ಲಿ ತೆಂಗಿನಕಾಯಿ ತಟ್ಟುವ ಹಾಗೆ.
ಠಣ್ ಅಂದರೆ ಮುಂದಕ್ಕೆ.
ದಪ್ ಅಂದರೆ ಸೀಮೆಸುಣ್ಣದ ಗೀಟು, ಕೊಯ್ಯಬೇಕಾದ್ದು.
ಗೀಟುಗಳೇ ಜಾಸ್ತಿಯಾದವು.

ಆಮೇಲೆ ಕಾಕಂಬಿ. ಹಳೇ ಶಿಷ್ಯನೊಬ್ಬ
ರಾತ್ರಿ ಹತ್ತಕ್ಕೆ ಎರಡು ಡ್ರಮ್ಮು ಇಳಿಸಿ ಹೋದ,
ಪರ್ಮಿಟ್ಟು ಯಾವುದೆಂದು ನಾನು ಕೇಳಲಿಲ್ಲ.
ಒಂದು ಪಾಲಿಗೆ ಒಂಬತ್ತು ಪಾಲು ನೀರು. ಅದರಲ್ಲಿ ಮುಳುಗಿದವು
ಬೋಲ್ಟು, ಕೀಲು, ಬೀಗ, ಹೆಡ್‌ಲೈಟಿನ ಬಳೆ.
ಹದಿನೇಳು ದಿನ ಬೀದಿಗೆ ಬೀದಿಯೇ ಹುಳಿಹುಳಿ ನಾರಿತು.
ಇರುವೆ, ಗೊದ್ದ, ಜೇನುನೊಣ, ಆಚೆಮನೆ ಪಟೇಲ್ ಮಾಸ್ತರು
ಎಲ್ಲರೂ ವಿಚಾರಣೆಗೆ ಬಂದರು.
"ಏನು ಬೋರಲಿಂಗಣ್ಣ, ಭಟ್ಟಿ ಇಳಿಸ್ತಾ ಇದ್ದೀರಾ?"
ಹದಿನೆಂಟನೇ ದಿನ ಅವಳು ಮೊಣಕೈವರೆಗೆ ಕೈ ಬಿಟ್ಟು
ಒಂದು ಬೋಲ್ಟು ಎತ್ತಿದಳು:
ಬೂದು, ಬೆತ್ತಲೆ, ಈಗಷ್ಟೇ ನೀರೆರೆಸಿಕೊಂಡ ಕೂಸು.
ಬೆಲ್ಲದ ಊರಲ್ಲಿ ಹುಟ್ಟಿ ಅರವತ್ತಾಯಿತು,
ಸಿಹಿಗೆ ಹೀಗೂ ಹಲ್ಲಿದೆಯೆಂದು ಗೊತ್ತಿರಲಿಲ್ಲ.

ಬಾಗಿಲು ಉಜ್ಜುವಾಗ ಆದದ್ದು ಇದು.
ನೀಲಿಯ ಕೆಳಗೆ ಹಸಿರು, ಹಸಿರ ಕೆಳಗೆ ಹಾಲುಬಿಳಿ,
ಬಿಳಿಯ ಮೇಲೆ ಕುಂಚದ ಅಕ್ಷರ, ದುಂಡಗೆ:
ಶ್ರೀ ನಿಮಿಷಾಂಬ ಸೋಡಾ ಮತ್ತು ಐಸ್
ಪ್ರೊ: ಹೊಂಬಾಳಮ್ಮ
ಫೋನ್ 47.

ಐಸು. ತಳ ಯಾಕೆ ಹೋಗಿತ್ತೆಂದು ಆಗ ತಿಳಿಯಿತು.
ಆದರೆ ನಾನು ನೋಡುತ್ತಿದ್ದುದು ನಡುವಿನ ಸಾಲನ್ನು.
ಯಾರ ಕೋಂ, ಯಾರ ಮಗಳು, ಏನೂ ಇಲ್ಲ.
ಬಾಲವಿಲ್ಲದೆ ಒಂದು ಹೆಂಗಸಿನ ಹೆಸರನ್ನು
ನಾನು ಈವರೆಗೆ ಬರೆದವನಲ್ಲ.

ಇದೊಂದನ್ನ ಬಿಟ್ಟುಬಿಡು, ಎಂದೆ.
ಅವಳು ಉಗುರಲ್ಲಿ 'ಳ'ದ ಸುರುಳಿಯನ್ನು ಕೆರೆದಳು.
ಉದುರಿತು ಕೆಂಪು ಪುಡಿ.
"ಅಕ್ಸರದ ತಳ್ದಾಗೇ ಕುಂತದೆ ಕಣಿ ತುಕ್ಕು.
ಬುಟ್ರೆ ಬಾಗ್ಲ ತಿಂದಾಕ್ತದೆ.
ಬರ್ಕಳಿ ಬೇಕಾದ್ರೆ. ಅರ್ಧ ಗಂಟೆ."

ಬರೆದುಕೊಂಡೆ. ನಾಲ್ಕು ಲೆಡ್ಜರ್ ಹಾಳೆ ಅಂಟಿಸಿ, ಅದೇ ಗಾತ್ರಕ್ಕೆ,
ಇಂಕು ಪೆನ್ನಿನಲ್ಲಿ, ಆ ಅನಾಮಿಕ ಪೇಂಟರು ಎಳೆದಂತೆಯೇ ಎಳೆದು.
ಅವಳು ಉಪ್ಪುಕಾಗದ ಹಿಡಿದು ಕಾದಳು,
ಪರೀಕ್ಷೆಯ ಕೊನೇ ಹುಡುಗನಿಗೆ ಕಾಯುವ ಹಾಗೆ.
ಆಮೇಲೆ ಉಜ್ಜಿದಳು.
ಸೋಡಾ ಹೋಯಿತು, ಐಸು ಹೋಯಿತು, ಫೋನು ಹೋಯಿತು,
ಹೊಂಬಾಳಮ್ಮ ಸ್ವಲ್ಪ ಹೊತ್ತು ಹಿಡಿದರು.

ಪತ್ರದಲ್ಲಿ ಒಂದಕ್ಷರ ಹೊಡೆದರೂ
ಕೊನೆಗೆ ಎಣಿಸಿ, ಒಪ್ಪಿ ರುಜು ಹಾಕಬೇಕು.
ಬಾಗಿಲ ಒಳಮೈಯಲ್ಲಿ, ಗಾಜು ಇಳಿಯುವ ಸಂದಿಯ ಪಕ್ಕ,
ಹಸಿ ಪ್ರೈಮರಿನ ಮೇಲೆ ಪೊರಕೆ ಕಡ್ಡಿಯಲ್ಲಿ ಬರೆದೆ:
ಚಿತ್ತು ಇಲ್ಲ. ಕಾಟು ಮೂರು ಸಾಲು. ಒಪ್ಪಿದೆ.
ದೇವೀರಮ್ಮ, ಪ್ರೊ.

ಅವಳು ಬಗ್ಗಿ ನೋಡಿದಳು. ಕನ್ನಡಕ ಏರಿಸಿ ಮತ್ತೆ ನೋಡಿದಳು.
ಎಡಗೈ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ
ಹೆಸರಿನ ಪಕ್ಕ ಒತ್ತಿದಳು.
"ಬ್ಯಾಟ್ರಿಯ ಈ ಕಡೀಕ್ ಇಡೀರಿ" ಅಂದಳು.

ಇಂಜಿನ್ನು ಇನ್ನೂ ಕಚ್ಚಿಕೊಂಡೇ ಇದೆ.
ಅದಕ್ಕೆ ಬೇರೆ ಪತ್ರ.