ತೂಕ

ಹಗಲೆಲ್ಲ ನನ್ನದು ತೂಕದ ಕೆಲಸ.
ಕಬ್ಬಿನ ಗಾಡಿ ಹತ್ತುತ್ತದೆ, ಮುಳ್ಳು ನಡುಗಿ ನಿಲ್ಲುತ್ತದೆ,
ಬರೆದುಕೊಳ್ಳುತ್ತೇನೆ.
ಮತ್ತೆ ಬರಿಗಾಡಿ ಬರುತ್ತದೆ, ಕಳೆಯುತ್ತೇನೆ.
ಉಳಿದದ್ದು ಕಬ್ಬು.

ಮನೆಗೆ ಬಂದರೆ ಬಚ್ಚಲ ಕಿಟಕಿಯಲ್ಲಿ ಇದು:
ಮಣ್ಣು ಕೇಳದ ಗಿಡ.

ಕೊಡಗಿನ ದಿಮ್ಮಿಯೊಂದರ ಬೆನ್ನು ಹಿಡಿದು
ಬಂದಿತ್ತು ಗುತ್ತಲು ರಸ್ತೆಯ ಸಾಮಿಲ್ಲಿಗೆ.
ಮರ ಉರುಳಿದ್ದು ಅದಕ್ಕಿನ್ನೂ ತಿಳಿದಿರಲಿಲ್ಲ.
ಗರಗಸ ತಾಗುವ ಮೊದಲು
ಚೆಲುವೇಗೌಡ ಉಳಿ ಹಾಕಿ ತೊಗಟೆಸಮೇತ ಎಬ್ಬಿಸಿ
"ತಕಳಣ್ಣ, ನಿಂಗೆ ಇಂತಾವೇ ಹುಚ್ಚು" ಅಂದ.

ಬೋರಿನ ಗಡಸು ನೀರಿಗೆ
ಎಲೆಯ ಮೇಲೆಲ್ಲ ಬಿಳಿ ಚುಕ್ಕಿ.
ಬ್ಯಾಂಕಿನ ಹಿಂದೆ ಏಸಿಯಿಂದ ತೊಟ್ಟಿಕ್ಕುವ ನೀರಿಗೆ
ಬಿಂದಿಗೆ ಇಟ್ಟೆ; ವಾಚ್‌ಮನ್ ಕೇಳಿದ, "ಕುಡಿಯಾಕಾ?"
ಇಸ್ತ್ರಿಯವನ ಆರಿದ ಇದ್ದಿಲು,
ಎಳನೀರಿನವನು ಎಸೆದ ಬುರುಡೆಯ ನಾರು,
ಒಂದು ತಂತಿಬುಟ್ಟಿ. ಅಷ್ಟೇ ಅದರ ಸಂಸಾರ.
ಕಬ್ಬು ಅರೆಯುವ ತಿಂಗಳುಗಳಲ್ಲಿ
ಗಾಳಿಯಲ್ಲಿ ಕರಿ ಬೂದಿ. ಒದ್ದೆ ಬಟ್ಟೆಯಲ್ಲಿ
ಮಗುವಿನ ಕಿವಿ ಹಿಂದೆ ಒರೆಸಿದ ಹಾಗೆ ಒರೆಸಬೇಕು.

"ಬಂದಳಿಕೆ ಕಣಪ್ಪ ಅದು,
ಉಂಡ್ಮನೆ ಜಂತೆ ಎಣಿಸೋ ಜಾತಿ"
ಎಂದರು ಸಣ್ಣಮ್ಮಣ್ಣಿ, ಬಟ್ಟೆ ಒಣಹಾಕುತ್ತ.
ಅಲ್ಲ. ಇದು ಆತುಕೊಳ್ಳುತ್ತದೆ, ಅಷ್ಟೆ.
ಮರದ ಒಂದು ಹನಿಯನ್ನೂ ಮುಟ್ಟಿದ್ದಲ್ಲ.
ಹೇಳಲು ಬಾಯಿ ತೆರೆದೆ.
ಗಂಡನ ಮನೆಯಿಂದ ತಿರುಗಿ ಬಂದು ಹತ್ತು ವರ್ಷವಾದ
ನನ್ನ ತಂಗಿ ದೇವೀರಿ
ಹಂಡೆಯ ಒಲೆಗೆ ಸೌದೆ ಒಡ್ಡುತ್ತಿದ್ದಳು.
ಕೇಳಿಸಿತ್ತು ಅವಳಿಗೆ.
ಊದುಕೊಳವೆ ಎತ್ತಿಕೊಂಡಳು.

ನೀರು ಬೇಕೋ ಬೇಡವೋ,
ಬುಟ್ಟಿ ಎತ್ತಿ ನೋಡಬೇಕು.
ಹಗುರಾದರೆ ಬಾಯಾರಿದೆ, ಭಾರವಾದರೆ ಬಿಡು.
ಟನ್ನುಗಟ್ಟಲೆ ತೂಗುವ ಈ ಕೈಗೆ
ಅದು ಕೊನೆಗೂ ಬರಲಿಲ್ಲ, ಎರಡು ಬೇರು ಕೊಳೆಸಿದೆ.
ದೇವೀರಿ ಒಂದು ಬೆರಳಲ್ಲಿ ಎತ್ತಿ
"ಇವತ್ತು ಬ್ಯಾಡ" ಅನ್ನುತ್ತಾಳೆ.
ಅವಳು ಕಾಯಿಸಿದ ನೀರಿನ ಹಬೆಯಲ್ಲೇ
ಅದು ಉಸಿರಾಡುವುದು.

ಯುಗಾದಿಗೆ ಸುಣ್ಣ ಬಳಿಯಲು ಬಂದವನು
ಬುಟ್ಟಿ ಇಳಿಸಿ ಅಂದ. ಇಳಿಯಲಿಲ್ಲ.
ಒಂದು ಬೇರು, ಮೈಯೆಲ್ಲ ಬೂದಿ, ತುದಿಯಷ್ಟೇ ಹಸಿರು,
ಕಂಬಿ ದಾಟಿ ಗೋಡೆ ಕಚ್ಚಿತ್ತು.
"ಕಿತ್ತಾಕ್ಲಾ?"
ದೇವೀರಿ ಬಾಗಿಲಲ್ಲಿ ನಿಂತಿದ್ದಳು,
ಕೈಯಲ್ಲಿ ಒದ್ದೆ ಬಟ್ಟೆ.

ಈಗ ಬಚ್ಚಲೆಲ್ಲ ಬೆಳ್ಳಗಿದೆ.
ಕಿಟಕಿಯ ಪಕ್ಕ ಅಂಗೈಯಗಲ
ಹಳೇ ನೀಲಿ.