ಪಟ್ಟಿ

ಬ್ಯೂಗಲ್ ಕೂಗುವ ಮೊದಲೇ ಏಳುತ್ತೇವೆ, ನೈರೋಬಿಯ ಚಳಿಗೆ.
ಅವನು ಹಿಮ್ಮಡಿಯಿಂದ ಸುತ್ತುತ್ತ ಬರುತ್ತಾನೆ,
ಇನ್ನೊಂದು ತುದಿ ನನ್ನ ಕೈಯಲ್ಲಿ, ಬಿಗಿಯಾಗಿ.
ಆರು ಮೊಳ ಕಡುನೀಲಿ ಪಟ್ಟಿ.
ಸಡಿಲಾದರೆ ಸಾರ್ಜೆಂಟ್ ಕುಂಪಿಟನ ಬೆತ್ತ.
ಪಾದಕ್ಕೆ ಏನೂ ಇಲ್ಲ. ಬೂಟು ದೊರೆಗಳಿಗೆ.
"ಮೊಣಕಾಲಿನ ತನಕ ಸರ್ಕಾರದ್ದು," ನಗುತ್ತಾನೆ ಮಕ್ವಿಂಜ,
"ಪಾದ ಮಾತ್ರ ನಮ್ಮಪ್ಪನದು."

ಶನಿವಾರ ಎಳೆಮೀಸೆಯ ಲೆಫ್ಟಿನೆಂಟ್ ಬಂದು
ಕೋವಿಯ ನಳಿಗೆಯಲ್ಲಿ ಇಣುಕಿ
ಅದೇ ಕಣ್ಣಲ್ಲಿ ನನ್ನ ಮಡಕೆಗೂ ಇಣುಕುತ್ತಾನೆ.
ಎರಡೂ ಚೊಕ್ಕಟ ಅಂತ ಬರೆದುಕೊಳ್ಳುತ್ತಾನೆ.
ನಮ್ಮ ಸರೋವರದ ಒಣಮೀನು ಕಂಡರೆ ಮಾತ್ರ
ಕರವಸ್ತ್ರ ಹೊರಬರುತ್ತದೆ.

ಈ ಸಲ ಉತ್ತರದ ಮರಳಿನಿಂದ ಬಂದಾಗ
ಎಡಗಾಲು ಬರಿದು.
ಎಲ್ಲಿ, ಅಂದೆ. ಕಳೆಯಿತು, ಅಂದ.
ಸಂಬಳದ ದಿನ ಅರ್ಧ ರೂಪಾಯಿ ಕತ್ತರಿಸಿ
ಹೊಸದು ಕೊಟ್ಟರು.
ನಾನೂ ಬೈದೆ, ಸುಳ್ಳೇಕೆ ಹೇಳಲಿ;
ಅರ್ಧ ರೂಪಾಯಿಗೆ ಎಷ್ಟು ಉಪ್ಪು ಬರುತ್ತದೆ
ನನಗೆ ಗೊತ್ತು.

ಮೊನ್ನೆ ಕೊನೆಯ ಗುಡಿಸಲಿನ ಅಬಿತಿ ಚಿಪಸುಲ
ಕೋಳಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬಂದಳು.
ಹಿಂದೆ ಗಂಡ, ಕೋಲೂರಿ, ಒಂದು ತೊಡೆ ಸಣ್ಣಗಾಗಿ.
ಕೋಳಿ ಇಳಿಸಿದಳು. ಸೆರಗಿನ ಗಂಟು ಬಿಚ್ಚಿದಳು.
ಒಗೆದು ಸುರುಳಿ ಸುತ್ತಿದ ಕಡುನೀಲಿ.
ನಡುವೆ ಅಂಗೈಯಗಲ ಕಲೆ, ಹೋಗಿಲ್ಲ.
ಮಕ್ವಿಂಜ ಗೋಡೆ ನೋಡುತ್ತ ಕೋವಿ ಒರೆಸುತ್ತಲೇ ಇದ್ದ,
ಒರೆಸಿದ್ದನ್ನೇ ಮತ್ತೆ ಒರೆಸುತ್ತ.

ಪಟ್ಟಿ ಮರಳಿಸಬೇಕಂತೆ ಉಗ್ರಾಣಕ್ಕೆ.
ಯಾಕೆ? ದುಡ್ಡು ಮುರಿದುಕೊಂಡ ಮೇಲೆ
ಇದು ನಮ್ಮದೇ.
ಈಗ ಅದರಲ್ಲೇ ಸೌದೆ ಹೊರೆ ಬಿಗಿದು ತಲೆಗೇರಿಸಿ
ಕವಾಯತು ಮೈದಾನದ ಪಕ್ಕದಲ್ಲೇ ನಡೆದು ಬರುತ್ತೇನೆ.
ಲೆಫ್ಟಿನೆಂಟ್ ನೋಡಿದರೆ ನೋಡಲಿ,
ಬರೆದುಕೊಳ್ಳಲಿ.